ಕಾಗದದ ಮಾದರಿಗೆ ಯಾವ ಅಂಟು, ಎಷ್ಟು ಅಂಟು: ಕೊಡಗಿನ ಮಳೆಯಲ್ಲಿ ಕೂತು ಕಲಿತದ್ದು

ಮಡಿಕೇರಿಯಲ್ಲಿ ಜುಲೈ ತಿಂಗಳು ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಉಪ್ಪಿನ ಡಬ್ಬಿ ತೆರೆದರೆ ಉಪ್ಪು ಒದ್ದೆಯಾಗಿರುತ್ತದೆ. ಕರಿದ ಹಪ್ಪಳ ಒಲೆಯಿಂದ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು ಇದು. ಇಲ್ಲಿ ಕೂತು ಕಾಗದದಲ್ಲಿ ಮನೆ, ಗುಡಿ, ಅರಮನೆ ಕಟ್ಟಬೇಕೆಂದರೆ ಅಂಟಿನ ವಿಚಾರವನ್ನು ಮೊದಲು ಸರಿಯಾಗಿ ತಿಳಿದುಕೊಳ್ಳಬೇಕು.

ನಾನು ಮೊದಲು ಮಾಡಿದ್ದು ಒಂದು ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಹಿರಿಯರ ಮನೆಯ, ಮಾದರಿ. ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ), ಹೊರಗೆ ಬಿಡದೆ ಮಳೆ. ಹಂಚಿನ ಚಿತ್ರ ಮುದ್ರಿಸಿದ ಹಾಳೆಯನ್ನು ರಟ್ಟಿಗೆ ಅಂಟಿಸಲು ಬಿಳಿ ಅಂಟನ್ನು ಬ್ರಷ್ಷಿನಲ್ಲಿ ಧಾರಾಳವಾಗಿ ಬಳಿದೆ. ರಾತ್ರಿ ನೋಡಿದಾಗ ಚೆನ್ನಾಗಿಯೇ ಇತ್ತು. ಬೆಳಿಗ್ಗೆ ಎದ್ದರೆ ಮನೆಯ ಮಾಡು (ಛಾವಣಿ) ಕೊಡದ ಬಾಯಿಯ ಹಾಗೆ ಮೇಲಕ್ಕೆ ಬಾಗಿತ್ತು. ಅದರ ಎಳೆತಕ್ಕೆ ಕಯ್ಯಾಲೆಯ (ಮುಂದಿನ ಜಗಲಿಯ) ಎರಡು ಕಂಬಗಳೂ ಕಿತ್ತು ಬಂದಿದ್ದವು. ಹದಿನೈದು ದಿನದ ಕೆಲಸ. ಅಂಟು ಗಟ್ಟಿ ಇರಲಿಲ್ಲ ಅಂತ ಅಂಗಡಿಗೆ ಹೋಗಿ ಇನ್ನೂ ಗಟ್ಟಿಯದ್ದು ತಂದೆ. ಅದರಲ್ಲೂ ಹಾಗೇ ಆಯಿತು. ಅಂಟಿಗೆ ಬಲ ಸಾಕಷ್ಟಿತ್ತು, ಅದರೊಳಗಿನ ನೀರು ಕೆಲಸ ಕೆಡಿಸುತ್ತಿತ್ತು ಎಂದು ಅರ್ಥವಾಗಲು ಒಂದು ಇಡೀ ಮಳೆಗಾಲ ಬೇಕಾಯಿತು.

ಈಗ ನನ್ನ ಅಕ್ಕನ ಮಗಳು ರಜೆಯಲ್ಲಿ ಬಂದು ನನ್ನ ಜೊತೆ ಕೂರುತ್ತಾಳೆ. ಅವಳದ್ದೂ ಅದೇ ಪ್ರಶ್ನೆ. "ಮಾವ, ಇಷ್ಟೊಂದು ಹಚ್ಚಿದ್ದೀನಿ, ಆದ್ರೂ ಯಾಕೆ ಬಿಟ್ಕೊಳ್ತಿದೆ?"

"ಇಷ್ಟೊಂದು ಹಚ್ಚಿದ್ದಕ್ಕೇ ಬಿಟ್ಕೊಳ್ತಿದೆ ಪುಟ್ಟಿ" ಅಂದೆ. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಅಂಟು ಒಣಗುವಾಗ ಏನಾಗುತ್ತದೆ

ಬಿಳಿ ಅಂಟು ಅಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಪ್ಲಾಸ್ಟಿಕ್ ಕಣಗಳು. ಅದರ ರಾಸಾಯನಿಕ ಹೆಸರು ಪಾಲಿವಿನೈಲ್ ಅಸಿಟೇಟ್. 1912ರಲ್ಲಿ ಜರ್ಮನಿಯ ಫ್ರಿಟ್ಜ್ ಕ್ಲಾಟೆ ಕಂಡುಹಿಡಿದ ವಸ್ತು. ನಮ್ಮಲ್ಲಿ ಅದು ಮನೆಮಾತಾದದ್ದು 1959ರಲ್ಲಿ ಬಂದ ಫೆವಿಕಾಲ್‌ನಿಂದ. ಬಾಟಲಿಯಲ್ಲಿರುವುದರ ಸುಮಾರು ಅರ್ಧ ಭಾಗ ಬರೀ ನೀರು. ಹಚ್ಚಿದಾಗ ಆ ನೀರು ಸ್ವಲ್ಪ ಕಾಗದದೊಳಗೆ ಇಳಿಯುತ್ತದೆ, ಸ್ವಲ್ಪ ಗಾಳಿಗೆ ಹೋಗುತ್ತದೆ. ನೀರು ಹೋದ ಮೇಲೆ ಕಣಗಳು ಒಂದಕ್ಕೊಂದು ಬೆಸೆದು, ಕಾಗದದ ನಾರುಗಳನ್ನು ಹಿಡಿದುಕೊಂಡು ಪೊರೆಯಾಗುತ್ತವೆ. ಆ ಪೊರೆ ತೆಳುವಾಗಿದ್ದಷ್ಟೂ ಹಿಡಿತ ಬೇಗ ಬರುತ್ತದೆ.

ಈಗ ಕೊಡಗಿನ ಗಾಳಿಯನ್ನು ಯೋಚಿಸಿ. ಮಳೆಗಾಲದಲ್ಲಿ ಗಾಳಿಯೇ ನೀರಿನಿಂದ ತುಂಬಿರುತ್ತದೆ, ಅಂಟಿನ ನೀರನ್ನು ಅದು ತೆಗೆದುಕೊಳ್ಳುವುದಿಲ್ಲ. ಕಾಗದವೂ ಮೊದಲೇ ತೇವ ಹೀರಿಕೊಂಡು ಕೂತಿದೆ. ನೀರು ಹೋಗಲು ಜಾಗವೇ ಇಲ್ಲ ಅಲ್ವಾ? ಅದಕ್ಕೇ ಬೆಂಗಳೂರಿನವರು ಅರ್ಧ ಗಂಟೆ ಸಾಕು ಅಂದದ್ದಕ್ಕೆ ನಮಗೆ ಮೂರು ಗಂಟೆ ಬೇಕು.

ಇನ್ನೊಂದು ಸಂಗತಿ. ಕಾಗದದ ನಾರು ನೀರು ಕುಡಿದರೆ ಉದ್ದಕ್ಕೆ ಹಿಗ್ಗುವುದು ಬಹಳ ಕಡಿಮೆ, ಅಡ್ಡಕ್ಕೆ ಉಬ್ಬುತ್ತದೆ. ಕಾರ್ಖಾನೆಯಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಹಾಗಾಗಿ ಒಂದು ಮುಖಕ್ಕೆ ಅಂಟು ಹಚ್ಚಿದ ಕೂಡಲೇ ಆ ಮುಖ ಹಿಗ್ಗಿ ಹಾಳೆ ಬಾಗುತ್ತದೆ. ಒಣಗುವಾಗ ಅದೇ ಮುಖ ಕುಗ್ಗಿ ಆಚೆ ಕಡೆಗೆ ಎಳೆಯುತ್ತದೆ. ನನ್ನ ಮಾಡು ಕೆಟ್ಟದ್ದು ಹೀಗೆ.

ಅಂಗಡಿಯಲ್ಲಿ ಏನು ಕೊಳ್ಳಬೇಕು

ಒಂದೇ ಅಂಟು ಕೊಳ್ಳುವುದಾದರೆ ಬಿಳಿ ಅಂಟೇ ಇರಲಿ. ಫೆವಿಕಾಲ್ ಎಂಆರ್ ಥರದ, ಸಣ್ಣ ಮೂತಿಯ ಹಿಂಡುವ ಬಾಟಲಿ ಸಾಕು. ಬಡಗಿಗಳು ಬಳಸುವ ಎಸ್‌ಎಚ್ ಇನ್ನೂ ದಪ್ಪ. ಅದು ಬೇಗ ಹಿಡಿಯುತ್ತದೆ, ಕಾಗದಕ್ಕೂ ಆಗುತ್ತದೆ. ಮಳೆಗಾಲದಲ್ಲಿ ನಾನು ಅದನ್ನೇ ಜಾಸ್ತಿ ಬಳಸುತ್ತೇನೆ. ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ನೀರಿನ ಹಾಗೆ ಕುಲುಕುವ ಸದ್ದು ಬಂದರೆ ಬೇರೆ ಬಾಟಲಿ ಕೇಳಿ. ಮನೆಗೆ ತಂದು ತೆರೆದಾಗ ಹುಳಿ ವಾಸನೆ ಬಂದರೆ, ಗಂಟು ಗಂಟಾಗಿದ್ದರೆ, ಅದು ಹಳೆಯ ಸರಕು. ಒಮ್ಮೆ ಒಂದು ಅಂಗಡಿಯಿಂದ ಹಾಗೆ ಮೊಸರಿನ ಹಾಗೆ ಒಡೆದ ಅಂಟು ತಂದು, ಬಿಸಾಡಲು ಮನಸ್ಸಿಲ್ಲದೆ ಸೋಸಿ ಬಳಸಿದೆ. ಗೋಡೆಗಳೆಲ್ಲ ವಾರದೊಳಗೆ ಬಿಟ್ಟುಕೊಂಡವು. ಕೆಟ್ಟ ಅಂಟನ್ನು ಉಳಿಸಲು ಹೋಗಬೇಡಿ.

ಗ್ಲೂ ಸ್ಟಿಕ್ ಎರಡನೆಯದು. 1969ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿ ಲಿಪ್‌ಸ್ಟಿಕ್ ನೋಡಿ ಈ ಕೊಳವೆಯನ್ನು ಮಾಡಿತು. ನಮ್ಮಲ್ಲಿ ಫೆವಿಸ್ಟಿಕ್, ಕೋರೆಸ್ ಸಿಗುತ್ತವೆ. ಹಾಳೆ ಅಷ್ಟಾಗಿ ಸುಕ್ಕಾಗುವುದಿಲ್ಲ ಎಂಬುದು ದೊಡ್ಡ ಗುಣ. ಸಮತಟ್ಟಾದ ಹಾಳೆಯ ಮೇಲೆ ಹಾಳೆ ಅಂಟಿಸಲು ಒಳ್ಳೆಯದು. ಎಳೆತ ಬೀಳುವ ಜಾಗಕ್ಕೆ, ಟ್ಯಾಬುಗಳಿಗೆ (ಅಂಟು ಹಚ್ಚಲೆಂದು ಅಂಚಿನಲ್ಲಿ ಬಿಟ್ಟು ಮಡಿಸಿದ ಪಟ್ಟಿಗಳಿಗೆ) ಇದನ್ನು ನಂಬಬೇಡಿ.

ಫೆವಿಬಾಂಡ್ ಥರದ ಹಳದಿ ರಬ್ಬರ್ ಅಂಟಿನಲ್ಲಿ ನೀರೇ ಇಲ್ಲ. ದ್ರಾವಕದಲ್ಲಿ ಕರಗಿಸಿದ ರಬ್ಬರ್ ಅದು. ಕಾಗದ ಉಬ್ಬುವುದಿಲ್ಲ, ಬಾಗುವುದಿಲ್ಲ. ಕೊಡಗಿನ ಮಳೆಗಾಲಕ್ಕೆ ಹೇಳಿ ಮಾಡಿಸಿದ ಹಾಗಿದೆ, ಅದರಲ್ಲೂ ದೊಡ್ಡ ಮಾಡುಗಳಿಗೆ. ಆದರೆ ಅದರ ಆವಿಗೆ ಬೆಂಕಿ ಹತ್ತುತ್ತದೆ, ತಲೆ ಸುತ್ತುತ್ತದೆ. ಒಲೆ ಉರಿಯುವ ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ ಖಂಡಿತ ಬೇಡ. ಮಕ್ಕಳ ಕೈಗೆ ಕೊಡಲೇಬೇಡಿ. ಜಗಲಿಯಲ್ಲಿ ಕೂತು ಹಚ್ಚಿ.

ಫೆವಿಕ್ವಿಕ್ ಥರದ ಕ್ಷಣದ ಅಂಟು ಒಣಗುವ ರೀತಿಯೇ ಬೇರೆ. ಅದು ಗಟ್ಟಿಯಾಗುವುದು ತೇವದಿಂದಲೇ. ಎಲ್ಲ ಅಂಟುಗಳೂ ಮಳೆಯಲ್ಲಿ ನಿಧಾನವಾದರೆ ಇದು ಮಾತ್ರ ಇನ್ನೂ ಬೇಗ ಹಿಡಿಯುತ್ತದೆ. ಆದರೆ ಕಾಗದಕ್ಕೆ ಎಣ್ಣೆ ಬಿದ್ದ ಹಾಗೆ ಕಲೆ ಮಾಡುತ್ತದೆ, ಸುತ್ತ ಬಿಳಿ ಪುಡಿಯ ಮಂಜು ಕೂರಿಸುತ್ತದೆ. ಧ್ವಜಸ್ತಂಭದ ತುದಿ, ಕಳಶದಂಥ ಕಣ್ಣಿಗೆ ಕಾಣದಷ್ಟು ಸಣ್ಣ ಜಾಗಕ್ಕೆ ಒಂದು ಹನಿ ಸಾಕು. ಹತ್ತಿಯಿಂದ, ಹತ್ತಿ ಬಟ್ಟೆಯಿಂದ ಒರೆಸಬೇಡಿ. ಹತ್ತಿಗೆ ತಗುಲಿದರೆ ಸುಡುವಷ್ಟು ಬಿಸಿಯಾಗುತ್ತದೆ.

ಶಾಲೆಯಲ್ಲಿ ಬಳಸುವ ಕಂದು ಗಮ್ ಬಾಟಲಿ ಮಾದರಿಗೆ ಬೇಡ. ಒಣಗಿದರೆ ಗಾಜಿನ ಹಾಗೆ ಬಿರುಕು ಬಿಡುತ್ತದೆ, ಮಳೆಯಲ್ಲಿ ಮತ್ತೆ ಜಿಗುಟಾಗುತ್ತದೆ. ಎರಡು ಬದಿಯ ಟೇಪನ್ನು ಕಿಟಕಿಯ ಪಾರದರ್ಶಕ ಹಾಳೆಗೆ ಮಾತ್ರ ಬಳಸುತ್ತೇನೆ, ಯಾಕೆಂದರೆ ಬಿಳಿ ಅಂಟು ಪ್ಲಾಸ್ಟಿಕ್ಕನ್ನು ಹಿಡಿಯುವುದಿಲ್ಲ. ಗ್ಲೂ ಗನ್ನಿನ ಅಂಟು ದಪ್ಪ ಗಂಟಾಗಿ ಕೂರುತ್ತದೆ, ತಳದ ಹಲಗೆಗೆ ಮಾತ್ರ ಆದೀತು.

ಮೈದಾ ಅಂಟು ಮತ್ತು ಅನ್ನದ ಅಗುಳು

ನಾವು ಚಿಕ್ಕವರಿದ್ದಾಗ ಪುಸ್ತಕಕ್ಕೆ ಬೈಂಡ್ ಹಾಕುವಾಗ, ಗಾಳಿಪಟ ಮಾಡುವಾಗ ಅನ್ನದ ಅಗುಳನ್ನೇ ತಿಕ್ಕುತ್ತಿದ್ದೆವು. ಅದು ಮಕ್ಕಳಾಟ ಅಂತ ತಳ್ಳಿಹಾಕುವಂತಿಲ್ಲ. ಹಳೆಯ ಹಸ್ತಪ್ರತಿ, ಚಿತ್ರಗಳನ್ನು ದುರಸ್ತಿ ಮಾಡುವ ತಜ್ಞರು ಇವತ್ತಿಗೂ ಗೋಧಿ ಮತ್ತು ಅಕ್ಕಿಯ ಪಿಷ್ಟದ ಅಂಟನ್ನು ಬಳಸುತ್ತಾರೆ. ಒದ್ದೆ ಮಾಡಿದರೆ ಕಾಗದಕ್ಕೆ ಗಾಯವಾಗದೆ ಬಿಡಿಸಿ ತೆಗೆಯಬಹುದು ಎಂಬುದು ಅದರ ಹೆಚ್ಚುಗಾರಿಕೆ.

ಮಾಡುವುದು ಸುಲಭ. ಒಂದು ಚಮಚ ಮೈದಾಕ್ಕೆ ಐದು ಚಮಚ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ. ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಸ್ವಲ್ಪ ಹೊಳಪು ಬಂದ ತಕ್ಷಣ ಇಳಿಸಿ. ತಣಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ.

ನಮ್ಮಲ್ಲಿ ತೊಂದರೆ ಏನೆಂದರೆ ಬೂಷ್ಟು. ಮಳೆಗಾಲದಲ್ಲಿ ಮೈದಾ ಅಂಟಿನ ಮಾದರಿ ಒಂದು ವಾರದಲ್ಲಿ ಹಸಿರು ಚುಕ್ಕಿ ಹೊತ್ತುಕೊಳ್ಳುತ್ತದೆ. ಜಿರಳೆಗಳಿಗೂ ಅದು ಹಬ್ಬದೂಟ. ಹಳಬರು ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಕಾಫಿ, ಮೆಣಸಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಸುಣ್ಣದ ಜೊತೆ ಸೇರಿಸುವ ಅದೇ ಮೈಲುತುತ್ತ. ತೋಟವಿರುವ ಮನೆಯಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ಅದು ವಿಷ. ಮಕ್ಕಳು ಬೆರಳು ಅದ್ದುವ ಅಂಟಿಗೆ ಖಂಡಿತ ಬೆರೆಸಬೇಡಿ. ಮೈದಾ ಅಂಟನ್ನು ಜನವರಿಯಿಂದ ಏಪ್ರಿಲ್ ತನಕದ ಒಣ ದಿನಗಳಿಗೆ ಮೀಸಲಿಡಿ.

ಮೊದಲು ಪಟ್ಟಿ ಹಚ್ಚಿ ನೋಡಿ

ಹೊಸ ಅಂಟು, ಹೊಸ ಕಾಗದ, ಹೊಸ ತಿಂಗಳು. ಇದರಲ್ಲಿ ಯಾವುದು ಬದಲಾದರೂ ಈ ಸಣ್ಣ ಪರೀಕ್ಷೆ ಮಾಡಿ.

ಮಾದರಿಗೆ ಬಳಸುವ ಕಾಗದದಲ್ಲೇ 2 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಉದ್ದದ ಆರು ಪಟ್ಟಿ ಕತ್ತರಿಸಿ. ಎರಡೆರಡನ್ನು ತುದಿಯಲ್ಲಿ 1 ಸೆಂಟಿಮೀಟರ್ ಒಂದರ ಮೇಲೊಂದು ಬರುವಂತೆ ಅಂಟಿಸಿ. ಮೂರು ಜೋಡಿ ಆಯಿತು. ಮೊದಲ ಜೋಡಿಯನ್ನು ಎರಡು ನಿಮಿಷದ ನಂತರ ಎಳೆದು ನೋಡಿ. ಎರಡನೆಯದನ್ನು ಅರ್ಧ ಗಂಟೆಗೆ. ಮೂರನೆಯದನ್ನು ಮರುದಿನ ಬೆಳಿಗ್ಗೆ. ಬಿಡಿಸಿದಾಗ ಅಂಟು ಮಾತ್ರ ನುಣುಪಾಗಿ ಕಿತ್ತು ಬಂದರೆ ಹಿಡಿತ ಬಂದಿಲ್ಲ. ಕಾಗದವೇ ಹರಿದು ನಾರು ಎದ್ದು ಬಂದರೆ ಕೂಡಿಕೆ ಕಾಗದಕ್ಕಿಂತ ಗಟ್ಟಿಯಾಗಿದೆ ಎಂದರ್ಥ. ಅದಕ್ಕಿಂತ ಹೆಚ್ಚಿನ ಬಲ ನಮಗೆ ಬೇಕಿಲ್ಲ.

ಜೊತೆಗೆ ಪಟ್ಟಿ ಬಾಗಿದೆಯಾ, ಬಣ್ಣ ಹರಡಿದೆಯಾ ನೋಡಿ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಬಣ್ಣ ಒದ್ದೆ ಬೆರಳು ತಗುಲಿದರೆ ಸಾಕು, ಕದಡಿಹೋಗುತ್ತದೆ. ಜೆರಾಕ್ಸ್ ಅಂಗಡಿಯ ಲೇಸರ್ ಮುದ್ರಣ ಕದಡುವುದಿಲ್ಲ. ಆದರೆ ಅದರ ಬಣ್ಣ ಕಾಗದದ ಮೇಲೆ ಕೂತ ಪ್ಲಾಸ್ಟಿಕ್ ಪುಡಿ, ಅದರ ಮೇಲೆ ಅಂಟು ಸರಿಯಾಗಿ ಕೂರುವುದಿಲ್ಲ. ಟ್ಯಾಬಿನ ಮೇಲೆ ಬಣ್ಣ ಬಂದಿದ್ದರೆ ಬ್ಲೇಡಿನಿಂದ ಮೆಲ್ಲಗೆ ಕೆರೆದು ಬಿಳಿ ಕಾಣಿಸಿ.

ಅಂಟಿಸುವ ಮುಂಚಿನ ಕೆಲಸ

ಕಾಗದ ಒಣಗಿರಬೇಕು. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಹಾಳೆಗಳನ್ನು ಇಟ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುತ್ತದಲ್ಲ, ಅದನ್ನೇ ಕೂಡಿಟ್ಟರಾಯಿತು. ಅದಿಲ್ಲದಿದ್ದರೆ ಒಂದು ಹಿಡಿ ಅಕ್ಕಿಯನ್ನು ಹುರಿದು, ತಣಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಹಾಕಿ. ಉಪ್ಪಿನ ಡಬ್ಬಿಗೆ ನಾಲ್ಕು ಕಾಳು ಅಕ್ಕಿ ಹಾಕುವ ಉಪಾಯವೇ ಇದು. ಮೂರು ದಿನಕ್ಕೊಮ್ಮೆ ಮತ್ತೆ ಹುರಿಯಬೇಕು.

ಗೋಡೆಗಳಿಗೆ ಕಾಗದದ ದಪ್ಪ 160ರಿಂದ 200 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಇರಲಿ. ಸಣ್ಣ ಬಾಗಿಲು, ಮೆಟ್ಟಿಲು, ಕೊಳವೆಗಳಿಗೆ ಬರೆಯುವ ಎ4 ಹಾಳೆಯ 80 ಜಿಎಸ್‌ಎಂ ಸಾಕು. ನಾರಿನ ದಿಕ್ಕು ಗೊತ್ತಾಗಬೇಕಾದರೆ ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಸುರುಳಿ ಮಾಡಿ ನೋಡಿ. ಯಾವ ಕಡೆ ಸುಲಭವಾಗಿ ಸುತ್ತಿಕೊಳ್ಳುತ್ತದೋ, ಆ ಸುರುಳಿಯ ಉದ್ದಕ್ಕೇ ನಾರು ಮಲಗಿದೆ. ಕಂಬಗಳನ್ನು ಹಾಗೇ ಸುತ್ತಿ. ವಿರುದ್ಧ ದಿಕ್ಕಿಗೆ ಸುತ್ತಿದ ಕಂಬ ಯಾವತ್ತಿದ್ದರೂ ಬಾಯಿ ಬಿಡುತ್ತದೆ, ಅಂಟು ಎಷ್ಟೇ ಒಳ್ಳೆಯದಿರಲಿ.

ಎಲ್ಲ ಮಡಿಕೆಗಳಿಗೂ ಖಾಲಿ ರೀಫಿಲ್ಲಿನಿಂದ ಸ್ಟೀಲ್ ಸ್ಕೇಲ್ ಇಟ್ಟು ಗೆರೆ ಒತ್ತಿ. ಮಡಿಸಿ, ಬಿಡಿಸಿ, ಮತ್ತೆ ಮಡಿಸಿ. ಅಂಟಿಲ್ಲದೆಯೇ ಗೋಡೆ ತಾನಾಗಿ ನಿಲ್ಲುವಂತಿರಬೇಕು. ಮಡಿಕೆ ಸಡಿಲವಿಲ್ಲದೆ ಎದುರು ಒತ್ತುತ್ತಿದ್ದರೆ ಅಂಟು ಆ ಒತ್ತಡವನ್ನು ದಿನವಿಡೀ ಹೊರಬೇಕಾಗುತ್ತದೆ. ಕತ್ತರಿಸಿದ ಬಿಳಿ ಅಂಚುಗಳಿಗೆ ಸ್ಕೆಚ್ ಪೆನ್ನಿನ ಬಣ್ಣವನ್ನು ಈಗಲೇ ಕೊಡಿ. ಅಂಟಿಸಿದ ಮೇಲೆ ಕೊಟ್ಟರೆ ಅಂಟು ತಾಗಿದ ಕಡೆ ಬಣ್ಣ ಹಿಡಿಯುವುದಿಲ್ಲ.

ಕಾಫಿ ಕೊಯ್ಲಿನ ದಿನಗಳಲ್ಲಿ, ಅಂದರೆ ಡಿಸೆಂಬರಿನಿಂದ ಫೆಬ್ರವರಿ ತನಕ, ತೋಟವಿರುವ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಗಾಳಿ ಒಣಗಿರುವುದು ಆಗಲೇ. ಬಿಡುವು ಸಿಗುವುದು ಮಳೆಯಲ್ಲಿ, ಆಗ ಅಂಟು ಒಣಗುವುದಿಲ್ಲ. ನಾನು ಕಂಡುಕೊಂಡ ದಾರಿ ಹೀಗಿದೆ: ಕತ್ತರಿಸುವುದು, ಗೆರೆ ಒತ್ತುವುದು, ಅಂಚಿಗೆ ಬಣ್ಣ ಕೊಡುವುದು, ಸಣ್ಣ ಸಣ್ಣ ಭಾಗ ಜೋಡಿಸುವುದು ಎಲ್ಲವೂ ಮಳೆಗಾಲದಲ್ಲಿ. ದೊಡ್ಡ ಹಾಳೆ ಅಂಟಿಸುವುದು, ಗೋಡೆಗಳನ್ನು ತಳಕ್ಕೆ ಕೂರಿಸುವುದು ನಮ್ಮ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ, ಭಾನುವಾರದ ಬಿಸಿಲಿನಲ್ಲಿ.

ಒಂದು ಟ್ಯಾಬ್ ಅಂಟಿಸುವುದು

ಇಡೀ ವಿದ್ಯೆ ಇರುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಾಟಲಿಯಿಂದ ನೇರವಾಗಿ ಕಾಗದಕ್ಕೆ ಹಿಂಡಬೇಡಿ. ಹಳೆಯ ನೀರಿನ ಬಾಟಲಿಯ ಮುಚ್ಚಳಕ್ಕೆ ಒಂದು ಬಟಾಣಿ ಗಾತ್ರದಷ್ಟು ಅಂಟು ಹಾಕಿಕೊಳ್ಳಿ. ಎರಡು ಮೂರು ನಿಮಿಷ ಹಾಗೇ ಬಿಡಿ. ಸ್ವಲ್ಪ ನೀರು ಅಲ್ಲೇ ಹೋಗಿ ಅಂಟು ದಪ್ಪವಾಗುತ್ತದೆ. ಹಚ್ಚಲು ತೆಂಗಿನ ಗರಿಯ ಪೊರಕೆ ಕಡ್ಡಿ ಬಹಳ ಚೆನ್ನಾಗಿದೆ. ಒಂದು ತುದಿಯನ್ನು ಓರೆಯಾಗಿ ಕತ್ತರಿಸಿದರೆ ಚಪ್ಪಟೆ ಬ್ರಷ್ಷಿನ ಹಾಗಾಗುತ್ತದೆ, ಇನ್ನೊಂದು ತುದಿ ಸೂಜಿಯಷ್ಟು ಸಣ್ಣಗಿರುತ್ತದೆ. ಹಲ್ಲುಕಡ್ಡಿಯೂ ಆಗುತ್ತದೆ.

ಕಡ್ಡಿಯಿಂದ ಟ್ಯಾಬಿನ ಮೇಲೆ, ಮಡಿಕೆಯ ಕಡೆಯಿಂದ ಹೊರಕ್ಕೆ, ಒಂದೇ ಸಲ ಎಳೆಯಿರಿ. ಅಂಟಿನ ಕೆಳಗೆ ಕಾಗದದ ಬಿಳುಪು ಮಸುಕಾಗಿ ಕಾಣುತ್ತಿರಬೇಕು. ಕಾಗದ ಪೂರ್ತಿ ಮರೆಯಾದರೆ ಅಂಟು ಜಾಸ್ತಿಯಾಯಿತು. ಆಗ ಕಡ್ಡಿಯ ಬೆನ್ನಿನಿಂದ ಕೆರೆದು ತೆಗೆಯಿರಿ. ಹೊರ ಅಂಚಿನಲ್ಲಿ ಒಂದು ಕೂದಲೆಳೆಯಷ್ಟು ಜಾಗ ಖಾಲಿ ಬಿಡಿ, ಒತ್ತಿದಾಗ ಅಂಟು ಅಲ್ಲಿಗೆ ಸರಿದು ನಿಲ್ಲುತ್ತದೆ, ಹೊರಗೆ ಬರುವುದಿಲ್ಲ.

ಈಗ ಕಾಯಬೇಕು. ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಹಚ್ಚಿದಾಗ ಅಂಟು ನೀರಿನ ಹಾಗೆ ಹೊಳೆಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅಂಚುಗಳಿಂದ ಆ ಹೊಳಪು ಮಾಸುತ್ತಾ ಒಳಗೆ ಬರುತ್ತದೆ. ಹೊಳಪು ಮುಕ್ಕಾಲು ಭಾಗ ಹೋದಾಗ ಜೋಡಿಸಿ. ಬೇಸಿಗೆಯಲ್ಲಿ ಇದಕ್ಕೆ 20 ಸೆಕೆಂಡು ಸಾಕು, ಕಕ್ಕಡದಲ್ಲಿ ಒಂದು ನಿಮಿಷಕ್ಕೂ ಮೀರುತ್ತದೆ. ನನ್ನ ಸೋದರ ಸೊಸೆಗೆ ಕಷ್ಟವಾದದ್ದು ಇದೊಂದೇ. ಹಚ್ಚಿದ ಕೂಡಲೇ ಒತ್ತಿಬಿಡುತ್ತಿದ್ದಳು, ಗೋಡೆ ಜಾರುತ್ತಿತ್ತು. ಈಗ ಹೊಳಪು ಹೋಗುವ ತನಕ ಕಡ್ಡಿಯನ್ನು ಬಾಯಿಯಲ್ಲಿ ಕಚ್ಚಿಕೊಂಡು ತದೇಕಚಿತ್ತದಿಂದ ನೋಡುತ್ತಾಳೆ. ಅಂಟಿಲ್ಲದ ತುದಿಯನ್ನೇ ಕಚ್ಚಬೇಕೆಂದು ಪ್ರತಿ ಸಲ ನೆನಪಿಸುತ್ತೇನೆ.

ಜೋಡಿಸಿದ ಮೇಲೆ ಹತ್ತು ಎಣಿಸುವ ತನಕ ಬೆರಳಿನಿಂದ ಹಿಡಿಯಿರಿ. ಬೆರಳು ಒಣಗಿರಲಿ, ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಇರಲಿ. ಉದ್ದನೆಯ ಟ್ಯಾಬಿಗೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಬಹುದು. ಅದರ ಹಲ್ಲಿನ ಗುರುತು ಬೀಳದ ಹಾಗೆ ನಡುವೆ ರಟ್ಟಿನ ತುಂಡು ಇಡಿ, ರಟ್ಟಿಗೂ ಕಾಗದಕ್ಕೂ ನಡುವೆ ಹಾಲಿನ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಇರಲಿ. ಅಂಟು ಪ್ಲಾಸ್ಟಿಕ್ಕಿಗೆ ಹತ್ತುವುದಿಲ್ಲ.

ಪೆಟ್ಟಿಗೆಯಂಥ ಆಕಾರವಾದರೆ ಕೊನೆಯ ಮುಖ ಮುಚ್ಚುವಾಗ ಒಳಗೆ ಬೆರಳು ಹೋಗುವುದಿಲ್ಲ. ಅದಕ್ಕೆ ಕಣ್ಣಿಗೆ ಕಾಣದ ಮುಖವನ್ನೇ ಕೊನೆಗೆ ಇಟ್ಟುಕೊಳ್ಳಿ, ಉದಾಹರಣೆಗೆ ತಳ. ಆ ಟ್ಯಾಬುಗಳಿಗೆ ಅಂಟನ್ನು ಒಂದು ಗುಲಗಂಜಿಯಷ್ಟು ಜಾಸ್ತಿ ಹಚ್ಚಿ, ಬೇಗ ಮುಚ್ಚಿ, ತಲೆಕೆಳಗೆ ಮಾಡಿ ಮೇಜಿನ ಮೇಲೆ ಒತ್ತಿಡಿ.

ಐನ್‌ಮನೆಯ ಮಾಡು: ದೊಡ್ಡ ಹಾಳೆಯನ್ನು ಬಾಗದಂತೆ ಅಂಟಿಸುವುದು

ಐನ್‌ಮನೆಯ ಚೆಲುವೆಲ್ಲ ಆ ಇಳಿಜಾರಿನ ದೊಡ್ಡ ಮಾಡಿನಲ್ಲಿ, ಕಯ್ಯಾಲೆಯ ಕಂಬಗಳಲ್ಲಿ, ಕೂರುವ ಐಮರದಲ್ಲಿ ಇದೆ. ಮಾಡು ಬಾಗಿದರೆ ಮನೆಯ ಗಾಂಭೀರ್ಯವೇ ಹೋಯಿತು.

ಮಳೆಗಾಲದಲ್ಲೇ ಮಾಡಬೇಕಿದ್ದರೆ ರಬ್ಬರ್ ಅಂಟು. ರಟ್ಟಿಗೂ ಹಾಳೆಗೂ ಎರಡಕ್ಕೂ ತೆಳುವಾಗಿ ಬಳಿಯಿರಿ. ಬೆರಳು ಮುಟ್ಟಿದರೆ ಅಂಟದಷ್ಟು ಒಣಗಲಿ, ಹತ್ತು ಹದಿನೈದು ನಿಮಿಷ ಬೇಕು. ಆಮೇಲೆ ಒಂದಕ್ಕೊಂದು ತಗುಲಿದ ಕ್ಷಣವೇ ಹಿಡಿಯುತ್ತದೆ, ಸರಿಸಲು ಆಗುವುದಿಲ್ಲ. ಹಾಗಾಗಿ ಎರಡರ ನಡುವೆ ಬಟರ್ ಪೇಪರ್ ಹಾಸಿ, ಮೇಲಿನ ಹಾಳೆಯನ್ನು ಸರಿಯಾದ ಜಾಗಕ್ಕೆ ತಂದು, ಒಂದು ಅಂಚನ್ನು ಮಾತ್ರ ಮೊದಲು ಒತ್ತಿ. ಬಳಿಕ ಬಟರ್ ಪೇಪರನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಅಂಗೈಯಿಂದ ಸವರುತ್ತಾ ಹೋಗಿ.

ಬಿಳಿ ಅಂಟಿನಲ್ಲಿ ಮಾಡುವುದಾದರೆ ಬೈಂಡಿಂಗ್ ಮಾಡುವವರ ಗುಟ್ಟು ಒಂದಿದೆ. ರಟ್ಟಿನ ಮುಂಭಾಗಕ್ಕೆ ಹಾಳೆ ಅಂಟಿಸಿದರೆ ಹಿಂಭಾಗಕ್ಕೂ ಅದೇ ದಪ್ಪದ, ಅದೇ ನಾರಿನ ದಿಕ್ಕಿನ ಖಾಲಿ ಹಾಳೆ ಅಂಟಿಸಿ. ಒಣಗುವಾಗ ಎರಡೂ ಕಡೆ ಒಂದೇ ಸಮ ಎಳೆಯುತ್ತವೆ, ರಟ್ಟು ನಡುವೆ ನೇರವಾಗಿ ನಿಲ್ಲುತ್ತದೆ. ಅಂಟನ್ನು ಹಳೆಯ ಎಟಿಎಂ ಕಾರ್ಡಿನಿಂದ ಬಳಿದು, ಜಾಸ್ತಿಯಾದದ್ದನ್ನು ಅದರಿಂದಲೇ ಕೆರೆದು ತೆಗೆಯಿರಿ. ನೀರು ಬೆರೆಸಿ ತೆಳು ಮಾಡಬೇಡಿ. ಎರಡೂ ಬದಿಗೆ ಹಳೆಯ ಪೇಪರ್ ಇಟ್ಟು, ಸಮತಟ್ಟಾದ ಹಲಗೆಯ ನಡುವೆ ಇಟ್ಟು, ಮೇಲೆ 5 ಕಿಲೋ ಅಕ್ಕಿಯ ಚೀಲ ಮಲಗಿಸಿ. ಅರ್ಧ ಗಂಟೆಗೊಮ್ಮೆ ಎರಡು ಮೂರು ಸಲ ಪೇಪರ್ ಬದಲಿಸಿ, ತೇವ ಅದರೊಳಗೆ ಹೋಗುತ್ತದೆ. ಒಂದು ಪೂರ್ತಿ ದಿನ ಕದಲಿಸಬೇಡಿ. ಮಳೆಗಾಲದಲ್ಲಿ ಎರಡು ದಿನ.

ಓಂಕಾರೇಶ್ವರದ ಗುಮ್ಮಟ

ಕೊಡಗಿನ ಅರಸ ಎರಡನೇ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನಕ್ಕೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರಗಳು. ಎದುರಿಗೆ ಕೆರೆ. ಮಾದರಿ ಮಾಡುವವರಿಗೆ ಎಲ್ಲ ಪಾಠವೂ ಇದೊಂದರಲ್ಲೇ ಸಿಗುತ್ತದೆ. ಅದರಲ್ಲೂ ಗುಮ್ಮಟ.

ಚಪ್ಪಟೆ ಕಾಗದದಿಂದ ಉರುಟು ಗುಮ್ಮಟ ಮಾಡಬೇಕಾದರೆ ಎಸಳುಗಳಾಗಿ ಕತ್ತರಿಸಬೇಕು. ಗುಮ್ಮಟದ ಬುಡದ ವ್ಯಾಸ 6 ಸೆಂಟಿಮೀಟರ್ ಇದ್ದರೆ ಸುತ್ತಳತೆ ಸುಮಾರು 18.8. ಅದನ್ನು 12 ಎಸಳಿಗೆ ಹಂಚಿದರೆ ಒಂದೊಂದರ ಬುಡ 1.57 ಸೆಂಟಿಮೀಟರ್. ಮೊದಲು ಪ್ರತಿ ಎಸಳನ್ನು ಅಂಗೈ ಮೇಲಿಟ್ಟು ಚಮಚದ ಬೆನ್ನಿನಿಂದ ಉಜ್ಜಿ ಬಾಗಿಸಿ. ಅಂಟಿಸುವ ಮುಂಚೆಯೇ ಅದು ಬಾಳೆಹೂವಿನ ಸಿಪ್ಪೆಯ ಹಾಗೆ ಬಾಗಿ ಕೂತಿರಬೇಕು.

ಇಲ್ಲಿ ಟ್ಯಾಬ್ ಬೇಡ, ಟ್ಯಾಬಿನ ದಪ್ಪ ಹೊರಗೆ ಗೆರೆಯಾಗಿ ಕಾಣುತ್ತದೆ. ಎರಡು ಎಸಳನ್ನು ಅಂಚಿಗೆ ಅಂಚು ಕೂಡಿಸಿ, ಒಳಗಿನಿಂದ 4 ಮಿಲಿಮೀಟರ್ ಅಗಲದ ತೆಳು ಕಾಗದದ ಪಟ್ಟಿ ಅಂಟಿಸಿ. ಪಟ್ಟಿಗೆ ಅಲ್ಲಲ್ಲಿ ಕತ್ತರಿಯ ಕಚ್ಚು ಹಾಕಿದರೆ ಬಾಗಿಗೆ ಸರಿಯಾಗಿ ಕೂರುತ್ತದೆ. ಒಮ್ಮೆಗೆ ಬುಡದಿಂದ ಒಂದು ಸೆಂಟಿಮೀಟರ್ ಮಾತ್ರ ಅಂಟಿಸಿ, ಹಿಡಿದ ಮೇಲೆ ಮುಂದಿನದು. ಎರಡೆರಡು ಎಸಳಿನ ಆರು ಜೋಡಿ, ಮೂರು ಮೂರು ಜೋಡಿ ಸೇರಿ ಎರಡು ಅರ್ಧ ಗುಮ್ಮಟ, ಕೊನೆಗೆ ಎರಡನ್ನೂ ಕೂಡಿಸುವುದು. ಪ್ರತಿ ಹಂತದ ನಡುವೆ ಅಂಟು ಚೆನ್ನಾಗಿ ಒಣಗಲಿ. ಎಲ್ಲವನ್ನೂ ಒಂದೇ ಸಂಜೆ ಮುಗಿಸಲು ಹೋದರೆ ಒದ್ದೆ ಪಟ್ಟಿಗಳು ಕಾಗದವನ್ನು ಮೆತ್ತಗೆ ಮಾಡಿ ಗುಮ್ಮಟ ಕುಸಿಯುತ್ತದೆ. ತುದಿಯಲ್ಲಿ ಎಸಳುಗಳು ಸೇರುವ ಸಣ್ಣ ತೂತನ್ನು ಒಳಗಿನಿಂದ ಬಿಲ್ಲೆ ಅಂಟಿಸಿ ಮುಚ್ಚಿ.

ಮಳೆಯಲ್ಲಿ ಒಣಗಿಸುವುದು

ಕೋಣೆಯ ತೇವ ತೋರಿಸುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನನ್ನ ಕೋಣೆಯಲ್ಲಿ ಅದು ಕಕ್ಕಡದ ಬೆಳಿಗ್ಗೆ ಶೇಕಡಾ 90ರ ಹತ್ತಿರ ನಿಲ್ಲುತ್ತದೆ, ಜನವರಿಯ ಮಧ್ಯಾಹ್ನ 50ಕ್ಕೆ ಇಳಿಯುತ್ತದೆ. 80 ದಾಟಿದ ದಿನ ನಾನು ಬಿಳಿ ಅಂಟಿನ ದೊಡ್ಡ ಕೆಲಸ ಮುಟ್ಟುವುದಿಲ್ಲ.

ಒಣಗಲು ಬೇಕಾದ್ದು ಗಾಳಿಯ ಓಡಾಟ. ಫ್ಯಾನ್ ಕೆಳಗೆ ಇಡಿ. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ, ಒಂದಡಿ ದೂರದಿಂದ, ಎರಡೂ ಬದಿಗೆ ಸಮವಾಗಿ ಹಿಡಿಯಿರಿ. ಕರೆಂಟ್ ಹೋದರೆ, ನಮ್ಮಲ್ಲಿ ಗಾಳಿಮಳೆಗೆ ಹೋಗುವುದೇ ಜಾಸ್ತಿ, ಮಾದರಿಯನ್ನು ತಗಡಿನ ಡಬ್ಬಿಯಲ್ಲಿ ಹುರಿದ ಅಕ್ಕಿಯ ಗಂಟಿನ ಜೊತೆ ಮುಚ್ಚಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಗೆ ಕಾಗದ ಕಂದಾಗುತ್ತದೆ, ಒಂದು ಕಿಡಿ ಹಾರಿದರೆ ಅಷ್ಟೇ.

ತಪ್ಪಾದಾಗ

ಹೊರಗೆ ಬಂದ ಅಂಟನ್ನು ಬೆರಳಿನಿಂದ ಒರೆಸಿದರೆ ಹರಡುತ್ತದೆ. ಒಣ ಕಡ್ಡಿಯ ಓರೆ ತುದಿಯಿಂದ ಎತ್ತಿ ತೆಗೆಯಿರಿ, ಉಳಿದದ್ದನ್ನು ಅರೆ ಒದ್ದೆ ಬಟ್ಟೆಯ ಮೂಲೆಯಿಂದ ಒಂದೇ ಸಲ ಮುಟ್ಟಿ. ವಕ್ರವಾಗಿ ಅಂಟಿದ ಟ್ಯಾಬನ್ನು ಎಳೆದು ಕೀಳಬೇಡಿ. ಬಿಳಿ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಮೇಲೆ ಬಟರ್ ಪೇಪರ್ ಇಟ್ಟು ಬೆಚ್ಚಗಿನ ಇಸ್ತ್ರಿಪೆಟ್ಟಿಗೆಯ ಮೂಲೆಯನ್ನು ಕೆಲವು ಸೆಕೆಂಡ್ ಮುಟ್ಟಿಸಿ, ಬ್ಲೇಡನ್ನು ಮಲಗಿಸಿ ಮೆಲ್ಲಗೆ ನುಗ್ಗಿಸಿದರೆ ಬಿಡುತ್ತದೆ.

ಕ್ಷಣದ ಅಂಟಿನಲ್ಲಿ ಬೆರಳಿಗೆ ಬೆರಳು ಅಂಟಿದರೆ ಎಳೆಯಬೇಡಿ. ಬೆಚ್ಚಗಿನ ಸೋಪು ನೀರಿನಲ್ಲಿ ಇಟ್ಟು ಮೆಲ್ಲಗೆ ಹೊರಳಿಸಿ. ಅಸಿಟೋನ್ ಇರುವ ಉಗುರು ಬಣ್ಣ ತೆಗೆಯುವ ದ್ರವವೂ ಬಿಡಿಸುತ್ತದೆ. ಕಣ್ಣಿಗೆ ಬಿದ್ದರೆ ಬರೀ ನೀರಿನಲ್ಲಿ ತೊಳೆದು ನೇರ ಡಾಕ್ಟರ ಹತ್ತಿರ ಹೋಗಿ.

ಕೆಲಸ ಮುಗಿದ ಮೇಲೆ

ಬಿಳಿ ಅಂಟಿನ ಬಾಟಲಿಯ ಮೂತಿ ಒರೆಸಿ, ತೂತಿಗೆ ಗುಂಡುಸೂಜಿ ಚುಚ್ಚಿಡಿ. ಆದರೆ ತುಕ್ಕು ಹಿಡಿಯದ ಸೂಜಿಯೇ ಇರಲಿ, ಇಲ್ಲದಿದ್ದರೆ ಅಂಟು ಕೆಂಪಾಗುತ್ತದೆ. ಫೆವಿಕ್ವಿಕ್ ತೆರೆದ ಮೇಲೆ ಸಿಲಿಕಾ ಜೆಲ್ ಹಾಕಿದ ಸಣ್ಣ ಗಾಳಿಯಾಡದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ನಮ್ಮ ಗಾಳಿಗೆ ಅದು ಟ್ಯೂಬಿನಲ್ಲೇ ಕಲ್ಲಾಗುತ್ತದೆ.

ಮಾದರಿಯನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಒಳಗೋಡೆಯ ಕಪಾಟು, ಗಾಜಿನ ಬಾಗಿಲು, ಕೆಳಗೆ ಎರಡು ಪೊಟ್ಟಣ ಸಿಲಿಕಾ ಜೆಲ್. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಹಬ್ಬ ಕಳೆದು ಬಿಸಿಲು ಬಿದ್ದ ದಿನ ಹೊರತೆಗೆದು, ಪ್ರತಿ ಕೂಡಿಕೆಯನ್ನೂ ಬೆರಳ ತುದಿಯಿಂದ ಒತ್ತಿ ನೋಡಿ. ಎಲ್ಲಾದರೂ ಸಡಿಲವಾಗಿದ್ದರೆ ಕಡ್ಡಿಯ ಸೂಜಿ ತುದಿಯಿಂದ ಒಳಗೆ ಒಂದು ಚುಕ್ಕಿ ಅಂಟು ಇಟ್ಟು, ಹೊಳಪು ಮಾಸುವ ತನಕ ಕಾದು, ಹತ್ತು ಎಣಿಸಿ.